ಬಾಗಿನ ಕೊಡೋ ಕೈಲೇ ಬಟ್ಟೆನೂ ಬಿಡ್ತೀವಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮ ದೊಡ್ಡಪ್ಪ ತೀರ್ಕೊಂಡ್ರು, ಅವರ ಅಸ್ಥಿ ಬಿಡೋಕೆ ಕೂಡ್ಲಿಗೆ ಹೋಗಿದ್ವಿ. ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಆಗ್ಬಹುದು ಅಷ್ಟೆ, ಆ ಕಡೆಯಿಂದ ತುಂಗೆ ಈ ಕಡೆಯಿಂದ ಭದ್ರೆ ಬಂದು ಸೇರೋ ಜಾಗ, ನಮ್ಮ ಕಡೆ ಜನಕ್ಕೆ ಅದೇ ಕಾಶಿ ಅದೇ ಪ್ರಯಾಗ. ನೀರಿಗೆ ಇಳಿದೆ ನೋಡಿ, ಕಾಲಿಗೆ ಏನೋ ಸುತ್ಕೊಂತು. ಪಾಚಿ ಅಂದ್ಕೊಂಡು ಬಗ್ಗಿ ಎಳೆದ್ರೆ ಪಂಚೆ. ಅದರಡಿ ಒಂದು ಸೀರೆ, ಅದರಡಿ ಇನ್ನೊಂದು ಯಾರದೋ ಶರ್ಟು, ಎಲ್ಲಾ ಮರಳಲ್ಲಿ ಅರ್ಧ ಹೂತು ಲೋಳೆ ಕಟ್ಟಿಕೊಂಡಿದ್ವು. ಕಾರ್ಯ ಮುಗಿದ ಮೇಲೆ ನಮ್ಮ ಜೊತೆ ಬಂದಿದ್ದ ಹಿರಿಯರೊಬ್ರು "ಉಟ್ಟ ಬಟ್ಟೆ ಇಲ್ಲೇ ಬಿಟ್ಬಿಡಪ್ಪ, ತಿರುಗಿ ನೋಡಬೇಡ" ಅಂದ್ರು. ನಾನು ಬಿಡಲಿಲ್ಲ, ಹಿಂಡಿ ಕವರಿಗೆ ಹಾಕ್ಕೊಂಡು ಬಂದೆ. ಆದ್ರೆ ಹನ್ನೆರಡು ವರ್ಷದ ಹಿಂದೆ ಅಪ್ಪನ ಅಸ್ಥಿ ಬಿಟ್ಟಾಗ ಅದೇ ಮೆಟ್ಟಿಲ ಮೇಲೆ ನಿಂತು ನಾನೂ ಪಂಚೆ ಬಿಟ್ಟು ಬಂದಿದ್ದೆ. ಅದು ನೆನಪಾಗಿ ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಪತ್ರ.

ತುಂಗಾ ಪಾನ ಗಂಗಾ ಸ್ನಾನ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಮೀಯೋಕೆ ಗಂಗೆ, ಕುಡಿಯೋಕೆ ತುಂಗೆ. ಅಂದ್ರೆ ಈ ಹೊಳೆಗೆ ಹಿರಿಯರು ಕೊಟ್ಟ ಮರ್ಯಾದೆ ಇರೋದೇ ಅದರ ರುಚಿಗೆ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿ ಮನೇಲಿ ಬೆಳಿಗ್ಗೆ ಎದ್ದು ಯಾರೂ ಮುಟ್ಟೋ ಮುಂಚೆ ಹೊಳೆಯಿಂದ ಎರಡು ಕೊಡ ನೀರು ತಂದಿಟ್ರೆ ಅದು ದೇವರ ಮನೆಗೂ ಅದೇ, ಕಾಫಿಗೂ ಅದೇ, ಮಗು ಬಾಯಿಗೂ ಅದೇ. ನೀರಿಗೆ ಮೊದಲು ಕಾಲು ಇಡೋ ಹಾಗಿರಲಿಲ್ಲ, ಬಗ್ಗಿ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ಕೊಂಡು ಆಮೇಲೆ ಇಳೀಬೇಕು. ಹೊಳೆಗೆ ಉಗುಳಿದ್ರೆ ಬೆನ್ನಿಗೆ ಬೀಳ್ತಿತ್ತು. ಇದು ಅಜ್ಜಿ ಕಟ್ಟಿದ ಕಟ್ಟಳೆ ಅಲ್ಲ, ನೀರಲ್ಲಿ ಮಲಮೂತ್ರ ಮಾಡಬಾರದು ಉಗುಳಬಾರದು ಅಂತ ವೇದದ ಭಾಗವಾದ ತೈತ್ತಿರೀಯ ಆರಣ್ಯಕದಲ್ಲೇ ಇದೆ. ಬಟ್ಟೆ ಬಿಟ್ರೆ ಪಾಪ ಹೋಗುತ್ತೆ ಅನ್ನೋರು ಇದನ್ನೂ ಸ್ವಲ್ಪ ನೆನೆಸ್ಕೊಳ್ಳಲಿ.

ಈ ನೀರು ಎಲ್ಲಿಂದ ಬರುತ್ತೆ ಅಂತ ನಮ್ಮ ಮಕ್ಕಳಿಗೆ ಕೇಳಿದ್ರೆ ಡ್ಯಾಮಿಂದ ಅಂತಾರೆ. ಕುದುರೆಮುಖದ ಕಾಡಲ್ಲಿ ಗಂಗಾಮೂಲ ಅಂತ ಒಂದು ಜಾಗ, ಅಲ್ಲೇ ತುಂಗೆ ಹುಟ್ಟೋದು, ಭದ್ರೆ ಹುಟ್ಟೋದು, ನೇತ್ರಾವತಿ ಹುಟ್ಟೋದೂ ಅಲ್ಲೇ. ಒಂದೇ ಬೆಟ್ಟದ ಮಕ್ಕಳಲ್ಲಿ ಇಬ್ರು ಪೂರ್ವಕ್ಕೆ ಹೊರಟ್ರು, ಒಬ್ಬಳು ಪಶ್ಚಿಮಕ್ಕೆ ಇಳಿದು ಮಂಗಳೂರಲ್ಲಿ ಸಮುದ್ರ ಸೇರಿದ್ಲು. ಅಲ್ಲಿನ ಶೋಲಾ ಕಾಡು, ಗುಡ್ಡದ ನೆತ್ತಿ ಮೇಲಿನ ಹುಲ್ಲುಗಾವಲು ಮಳೆಗಾಲದ ನೀರನ್ನ ಮಣ್ಣಲ್ಲಿ ಹಿಡಿದಿಟ್ಟು ಬೇಸಿಗೇಲಿ ಒಂದೊಂದೇ ಸೆಲೆಯಾಗಿ ಬಿಟ್ಟುಕೊಡುತ್ತೆ, ಅದಕ್ಕೇ ಏಪ್ರಿಲ್‌ನಲ್ಲೂ ಹೊಳೇಲಿ ಹರಿವು ಇರೋದು. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೀತಿದ್ದಾಗ ಮಳೆಗಾಲದಲ್ಲಿ ಭದ್ರೆಗೆ ಕೆಂಪು ಹೂಳು ಬರ್ತಿತ್ತು. ಜನ ಹೋರಾಡಿದ್ರು, ಸುಪ್ರೀಂ ಕೋರ್ಟ್ ಆದೇಶ ಆಯ್ತು, 2005ರ ಕೊನೆಗೆ ಗಣಿ ನಿಂತಿತು. ಮನಸ್ಸು ಮಾಡಿದ್ರೆ ಆಗುತ್ತೆ ಅಂತ ಹೇಳೋಕೆ ಇದನ್ನ ಬರೆದೆ.

ಶೃಂಗೇರೀಲಿ ನೋಡಿ, ಶಾರದಾಂಬೆ ದೇವಸ್ಥಾನದ ಹಿಂದೆ ಮೆಟ್ಟಿಲಿಳಿದ್ರೆ ಮೊಳದುದ್ದದ ಮೀನುಗಳು ಕಾಲ ಹತ್ರನೇ ಬರ್ತವೆ, ಮಕ್ಕಳು ಮಂಡಕ್ಕಿ ಹಾಕ್ತಾರೆ. ಹೊಳೆ ದಡದಲ್ಲೇ ಕಪ್ಪೆ ಶಂಕರ, ಪ್ರಸವದ ನೋವಲ್ಲಿದ್ದ ಕಪ್ಪೆಗೆ ಸರ್ಪ ಹೆಡೆ ಬಿಚ್ಚಿ ನೆರಳು ಮಾಡಿದ ಜಾಗ ಅನ್ನೋದು ಪ್ರತೀತಿ. ತೀರ್ಥಹಳ್ಳಿ ಹತ್ರ ಚಿಬ್ಬಲಗುಡ್ಡೇಲೂ ಹಾಗೇ, ದೇವರ ಮೀನು ಅಂತ ಯಾರೂ ಬಲೆ ಹಾಕಲ್ಲ. ಮಂಡಗದ್ದೇಲಿ ಹೊಳೆ ನಡುವಿನ ಕುದುರುಗಳ ಮರದ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ ನೀರುಕಾಗೆ ಗೂಡು ಕಟ್ತವೆ, ಬಸ್ಸಲ್ಲಿ ಕೂತೇ ನೋಡಬಹುದು. ಕಾಡು ಇಲಾಖೆ ಬೋರ್ಡ್ ಹಾಕೋಕೆ ಎಷ್ಟೋ ಮುಂಚೆ ನಮ್ಮ ಜನ ಭಕ್ತಿಯಿಂದಲೇ ಮೀನನ್ನ ಕಾಪಾಡಿದ್ದಾರೆ. ಮೀನಿಗೆ ಅಷ್ಟು ಮಾಡಿದ ಭಕ್ತಿ ಅದು ಈಜೋ ನೀರಿಗೆ ಯಾಕೆ ಬರಲ್ಲ ಅಂತ ನನಗೆ ಬಹಳ ನೋವಾಗುತ್ತೆ.

ಶಿವಮೊಗ್ಗದವರಿಗೆ ಮಳೆಗಾಲ ಅಂದ್ರೆ ಒಂದೇ ಪ್ರಶ್ನೆ, ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಹತ್ರ ಹೊಳೆಯಲ್ಲಿರೋ ಮಂಟಪ ಮುಳುಗಿದ್ರೆ ತುಂಗೆ ತುಂಬಿದ್ಲು ಅಂತ ಲೆಕ್ಕ, ಮನೆಮಂದಿಯೆಲ್ಲ ಛತ್ರಿ ಹಿಡ್ಕೊಂಡು ನೋಡೋಕೆ ಹೋಗ್ತೀವಿ, ಬಾಗಿನ ಬಿಡ್ತೀವಿ. ಈಗಿನ ಬಾಗಿನ ನೋಡಿದ್ದೀರಾ, ಬಿದಿರಿನ ಮೊರದ ಬದಲು ಎಷ್ಟೋ ಕಡೆ ಪ್ಲಾಸ್ಟಿಕ್ ಮೊರ, ಅರಿಶಿನ ಕುಂಕುಮ ಪ್ಲಾಸ್ಟಿಕ್ ಪ್ಯಾಕೆಟಲ್ಲಿ, ರವಿಕೆ ಕಣವೂ ಪಾಲಿಸ್ಟರು. ಅದು ಕರಗಲ್ಲ ಕೊಳೆಯಲ್ಲ, ಕೆಳಗೆ ಹೋಗಿ ಯಾವುದೋ ಊರಿನ ಕುಡಿಯೋ ನೀರೆತ್ತೋ ಬಾವಿ, ಅದೇ ಜಾಕ್‌ವೆಲ್ ಅಂತಾರಲ್ಲ, ಅದರ ಬಾಯಿಗೆ ಸಿಕ್ಕಿಕೊಳ್ಳುತ್ತೆ. ಇದಕ್ಕಿಂತ ದೊಡ್ಡದು ಊರಿನ ಕೊಳಚೆ. ಬಟ್ಟೆ ಬಿಡೋದು ನಮ್ಮ ತಪ್ಪು ಸರಿ, ಆದ್ರೆ ಲಕ್ಷಗಟ್ಟಲೆ ಜನ ಇರೋ ಊರಿನ ಚರಂಡಿ ನೀರು ಶುದ್ಧ ಆಗದೆ ಹೊಳೆ ಸೇರೋದನ್ನ ಒಬ್ಬೊಬ್ಬ ಭಕ್ತನ ತಲೆಗೆ ಕಟ್ಟೋಕಾಗಲ್ಲ, ಅದು ಆಡಳಿತ ನಡೆಸೋರ ಕೆಲಸ. ಬೇಸಿಗೇಲಿ ಸೇತುವೆ ಮೇಲೆ ನಿಂತ್ರೆ ಯಾರಿಗೂ ರಿಪೋರ್ಟ್ ಬೇಕಾಗಲ್ಲ, ಮೂಗೇ ಹೇಳುತ್ತೆ.

ನಮ್ಮೂರು ದಾಟಿದ್ರೆ ಹೊಳೆ ಮುಗಿದೋಯ್ತು ಅನ್ನೋ ಹಾಗೆ ಇದ್ದೀವಿ ನಾವು. ಕೂಡ್ಲಿಯಿಂದ ಮುಂದೆ ತುಂಗಭದ್ರೆ ಇನ್ನೂ 531 ಕಿಲೋಮೀಟರ್ ಹರೀಬೇಕು. ಹೊನ್ನಾಳಿ, ಹರಿಹರ, ಹೊಸಪೇಟೆ ಡ್ಯಾಮು, ಹಂಪಿ, ಮಂತ್ರಾಲಯ, ಕರ್ನೂಲು, ಆಮೇಲೆ ಕೃಷ್ಣೆ. ಹಂಪಿ ಸುತ್ತ ವಿಜಯನಗರದ ಅರಸರು ಕಟ್ಟಿಸಿದ ಕಾಲುವೆಗಳಲ್ಲಿ ಇವತ್ತಿಗೂ ಇದೇ ನೀರು ಹರಿದು ಬಾಳೆ ಭತ್ತ ಬೆಳೀತಾರೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೇನ 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ರಾಯರ ದರ್ಶನಕ್ಕೆ ಹೋಗಿ ಮಂತ್ರಾಲಯದಲ್ಲಿ ಮುಳುಗು ಹಾಕೋ ನಮ್ಮೂರಿನವರಿಗೆ ಅಲ್ಲಿ ಸಿಗೋದು ನಾವೇ ಕಳಿಸಿಕೊಟ್ಟ ನೀರು. 2024ರ ಆಗಸ್ಟ್‌ನಲ್ಲಿ ಹೊಸಪೇಟೆ ಡ್ಯಾಮಿನ 19ನೇ ಗೇಟು ಕಿತ್ತೋದಾಗ ಇಡೀ ರಾಜ್ಯ ನಿದ್ದೆಗೆಟ್ಟು ಟಿವಿ ಮುಂದೆ ಕೂತಿತ್ತು, ನೀರು ಪೋಲಾಗ್ತಿದೆಯಲ್ಲ ಅಂತ ನಾನೂ ಒದ್ದಾಡಿದೆ. ಅದೇ ನೀರು ದಿನಾ ಹಾಳಾಗ್ತಿದ್ರೆ ಒಬ್ರಿಗೂ ಎಚ್ಚರ ಆಗಲ್ಲ. ಅದೇ ವರ್ಷ ನವೆಂಬರಲ್ಲಿ ಶೃಂಗೇರಿಯಿಂದ ಪಾದಯಾತ್ರೆ ಹೊರಟು ನಿರ್ಮಲ ತುಂಗಭದ್ರಾ ಅಂತ ಊರೂರಲ್ಲಿ ಹೇಳ್ಕೊಂಡು ನಡೆದ್ರಲ್ಲ, ಆ ಬಿಸಿಲಲ್ಲಿ ನಡೆದವರಿಗೆ ನಾವು ಒಂದು ಉತ್ತರ ಕೊಡಬೇಕಲ್ವಾ.

ತೀರ್ಥಕ್ಷೇತ್ರಗಳಲ್ಲಿ ಹೊಳೆಯಿಂದ 500 ಮೀಟರ್ ಒಳಗೆ ಸೋಪು ಶಾಂಪೂ ಮಾರಬಾರದು, ಬಟ್ಟೆ ಬಿಡೋಕೆ ಬಿಡಬಾರದು ಅಂತ 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವರು ಸೂಚನೆ ಕೊಟ್ಟಿದ್ರು. ಅದು ಘಾಟಿನ ಮೆಟ್ಟಿಲವರೆಗೂ ಬರಬೇಕು. ಒಂದು ದೊಡ್ಡ ಬುಟ್ಟಿ ಇಡಿ, ಬಿಡಲೇಬೇಕು ಅನ್ನೋರು ಬಟ್ಟೇನ ಅದರಲ್ಲಿ ಬಿಡಲಿ. ಕಾರ್ಯ ಮಾಡಿಸೋ ಪುರೋಹಿತರು ಸಂಕಲ್ಪದ ಜೊತೆಗೇ "ಬಟ್ಟೆ ನೀರಿಗೆ ಬೇಡ" ಅಂತ ಒಂದು ಮಾತು ಹೇಳಿದ್ರೆ ನೂರು ಬೋರ್ಡಿಗಿಂತ ಜಾಸ್ತಿ ಕೆಲಸ ಮಾಡುತ್ತೆ, ಯಾಕಂದ್ರೆ ಆ ದುಃಖದಲ್ಲಿ ನಾವು ಅವರು ಹೇಳಿದ್ದನ್ನೇ ಮಾಡೋದು.

ತಮ್ಮ ಹತ್ರ ಒಂದು ಬೇಡಿಕೆ ಇದೆ ಸಾರ್. ಮಳೆಗಾಲದಲ್ಲಿ ದಿನಾ ಪೇಪರಲ್ಲಿ ಜಲಾಶಯಗಳ ಮಟ್ಟ ಹಾಕ್ತೀರಿ, ನಾನು ಮೊದಲು ಓದೋದೇ ಅದನ್ನ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊಳೆ ನೀರನ್ನ ಪರೀಕ್ಷೆ ಮಾಡಿ ಎ, ಬಿ, ಸಿ, ಡಿ, ಇ ಅಂತ ದರ್ಜೆ ಕೊಡ್ತಾರೆ. ಎ ಅಂದ್ರೆ ಕ್ರಿಮಿನಾಶ ಮಾತ್ರ ಮಾಡಿ ಕುಡೀಬಹುದು, ಬಿ ಅಂದ್ರೆ ಸ್ನಾನಕ್ಕೆ, ಸಿ ಅಂದ್ರೆ ಪೂರ್ತಿ ಶುದ್ಧೀಕರಣ ಆದ್ಮೇಲೆ ಕುಡಿಯೋಕೆ, ಹಾಗೇ ಇಳೀತಾ ಹೋಗುತ್ತೆ. ಗಾದೆ ಪ್ರಕಾರ ತುಂಗೆಗೆ ಸಿಗಬೇಕಾದ್ದು ಎ. ತುಂಗೆಯ ಗಾಜನೂರು ಡ್ಯಾಮಿನ ಮಟ್ಟದ ಪಕ್ಕದಲ್ಲೇ ತಿಂಗಳಿಗೊಂದ್ಸಲ ಶೃಂಗೇರೀಲಿ ಯಾವ ದರ್ಜೆ, ಶಿವಮೊಗ್ಗದಲ್ಲಿ ಯಾವ ದರ್ಜೆ, ಕೂಡ್ಲೀಲಿ ಯಾವ ದರ್ಜೆ ಅಂತ ಒಂದು ಸಾಲು ಹಾಕಿ. ಮಂಟಪ ಮುಳುಗಿತಾ ಅಂತ ಕೇಳೋ ಊರು ಇದನ್ನೂ ಕೇಳೋಕೆ ಶುರು ಮಾಡುತ್ತೆ ಅಂತ ನನಗೆ ನಂಬಿಕೆ ಇದೆ.

ಇಂತಿ ತಮ್ಮ ಓದುಗ,
ಶಿವಮೊಗ್ಗ