ಟ್ಯೂಬು ತೆಗೆಯುವ ಮುಂಚೆ: ಪುಟ್ಟಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮಕ್ಕಳನ್ನು ವೆಂಟಿಲೇಟರಿಗೆ ಹಾಕಲು ಗಂಟಲಿಗೆ ಉಸಿರಾಟದ ಟ್ಯೂಬು ಇಳಿಸುವಾಗ ಕೈ ನಡುಗುವುದಿಲ್ಲ, ಅದನ್ನು ತೆಗೆಯುವಾಗ ನಡುಗುತ್ತದೆ ಅಂತ ಬರೆದಿದ್ದೀಯ. ನಡುಗಲಿ ಬಿಡು, ಸ್ವಲ್ಪ ಭಯ ಇದ್ದರೆ ಒಳ್ಳೆಯದೇ. ಆದರೆ ಆ ಭಯಕ್ಕೆ "ಇನ್ನೊಂದು ದಿನ ಇರಲಿ" ಅನ್ನುವುದು ಮದ್ದಲ್ಲ. ಐಸಿಯುನಲ್ಲಿ ಆ ಮಾತು ಆಡಿದವರನ್ನು ಯಾರೂ ಬೈಯುವುದಿಲ್ಲ. ಅದೇ ಅದರ ಅಪಾಯ.

ಇನ್ನೊಂದು ದಿನ ಅಂದರೆ ಇನ್ನೊಂದು ದಿನದ ಸೆಡೇಷನ್ (ಮಂಪರಿನ ಔಷಧಿ), ನ್ಯುಮೋನಿಯಾ ಬರಲು ಇನ್ನೊಂದು ದಿನದ ಅವಕಾಶ, ಗಂಟಲಿನ ಒಳಗೆ ಟ್ಯೂಬು ಉಜ್ಜುತ್ತಾ ಇನ್ನೊಂದು ದಿನ. ಉಸಿರಾಟವನ್ನೆಲ್ಲ ಯಂತ್ರವೇ ಮಾಡಿದರೆ ಉಸಿರಾಟದ ಮುಖ್ಯ ಸ್ನಾಯು ಡಯಾಫ್ರಮ್ ಸೊರಗುತ್ತಾ ಹೋಗುತ್ತದೆ. ತಾವೇ ಟ್ಯೂಬು ಕಿತ್ತುಕೊಂಡ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದನ್ನು ಮತ್ತೆ ಹಾಕಬೇಕಾಗಿಯೇ ಬರುವುದಿಲ್ಲ, ನೀನೂ ನೋಡುತ್ತೀಯ. ಆ ಮಗು ರೆಡಿ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ಹಾಗಾಗಿ ದಿನಾ ಬೆಳಿಗ್ಗೆ ಪ್ರತಿ ಮಗುವಿನ ಹತ್ತಿರ ನಿಂತು ಕೇಳು: ಇವತ್ತು ತೆಗೆಯಬಹುದಾ? ಮೂಲ ಕಾಯಿಲೆ ಇಳಿಮುಖವಾಗಿದೆಯಾ, ಆಮ್ಲಜನಕ ಜಾಸ್ತಿ ಬೇಕಾಗುತ್ತಿಲ್ಲವಾ, ಮಗು ತಾನಾಗಿ ಉಸಿರು ಎಳೆಯುತ್ತಿದೆಯಾ, ಕಫ ಎಳೆಯಲು ಸಕ್ಷನ್ ಹಾಕಿದಾಗ ಗಟ್ಟಿಯಾಗಿ ಕೆಮ್ಮುತ್ತಾ. ಹೌದು ಅಂದರೆ ಅವತ್ತೇ ಟ್ರಯಲ್ ಕೊಡು, ಅಂದರೆ ಯಂತ್ರದ ನೆರವು ಇಳಿಸಿ ಮಗು ತಾನೇ ಉಸಿರಾಡುತ್ತಾ ಅಂತ ನೋಡು. 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಫೇಲ್ ಆಗುವ, ಅಂದರೆ ಟ್ಯೂಬು ಮತ್ತೆ ಹಾಕಬೇಕಾಗಿ ಬರುವ ಅಪಾಯ ಕಡಿಮೆ ಇರುವ ಮಗುವಿಗೆ 30 ನಿಮಿಷ ಸಾಕು, ಜಾಸ್ತಿ ಇದ್ದರೆ 60ರಿಂದ 120 ನಿಮಿಷ ನೋಡು.

ಈ ಟ್ರಯಲ್ ವಿಷಯದಲ್ಲಿ ನಿನ್ನ ಸೀನಿಯರ್‌ಗಳ ಜೊತೆ ಜಗಳ ಆಗಬಹುದು. ಸಣ್ಣ ಟ್ಯೂಬಿನಲ್ಲಿ ಉಸಿರಾಡುವುದು ಸ್ಟ್ರಾನಲ್ಲಿ ಉಸಿರಾಡಿದ ಹಾಗೆ, ಪಾಪ, 10 ಪ್ರೆಶರ್ ಸಪೋರ್ಟ್ (ಪ್ರತಿ ಉಸಿರಿಗೂ ಯಂತ್ರ ಗಾಳಿ ತಳ್ಳಿ ಕೊಡುವ ನೆರವು) ಕೊಡೋಣ ಅನ್ನುತ್ತಾರೆ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಟ್ಯೂಬು ತೆಗೆದ ಮೇಲೆ ಊದಿಕೊಂಡಿರುವ ಗಂಟಲಿನಲ್ಲೇ ಮಗು ಉಸಿರಾಡಬೇಕು, ಆಗ ಪಡುವ ಕಷ್ಟವನ್ನು ಆ ಸಪೋರ್ಟ್ ಮುಚ್ಚಿಟ್ಟುಬಿಡುತ್ತದೆ. ಫೇಲ್ ಆಗುವ ಅಪಾಯ ಹೆಚ್ಚಿರುವ ಮಗುವಿಗೆ ಬರೀ ಸಿಪ್ಯಾಪ್ (ಒಂದೇ ಸಮನೆ ಸಣ್ಣ ಗಾಳಿ ಒತ್ತಡ) ಮೇಲೆ ಟ್ರಯಲ್ ಕೊಡುವುದೇ ಮೇಲು. ಮೆಲ್ಲಗೆ ಹೇಳು, ಆದರೆ ಹೇಳು.

ಇನ್ನು ಗಂಟಲು. ಶ್ವಾಸಕೋಶ ಚೆನ್ನಾಗಿದೆ, ಬ್ಲಡ್ ಗ್ಯಾಸ್ (ರಕ್ತದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಪರೀಕ್ಷೆ) ಚೆನ್ನಾಗಿದೆ, ಟ್ಯೂಬು ತೆಗೆದ ಸ್ವಲ್ಪ ಹೊತ್ತಿಗೇ ಮಗು ಗೊರಗೊರ ಅನ್ನುತ್ತಾ ಎದೆ ಒಳಗೆ ಎಳೆದುಕೊಳ್ಳುತ್ತದೆ. ಮಕ್ಕಳಲ್ಲಿ ಮತ್ತೆ ಟ್ಯೂಬು ಹಾಕಬೇಕಾಗಿ ಬರುವ ದೊಡ್ಡ ಕಾರಣಗಳಲ್ಲಿ ಇದೊಂದು. ದಾರಿಯ ಅಗಲ ಅರ್ಧವಾದರೆ ಅಡ್ಡಿ ಎರಡರಷ್ಟಲ್ಲ, 16ರಷ್ಟಾಗುತ್ತದೆ, ಮೊದಲೇ ಕಿರಿದಾಗಿರುವ ಗಂಟಲಿಗೆ ಚೂರು ಬಾವು ಸಾಕು. ಕಫ್ (ಟ್ಯೂಬಿನ ಸುತ್ತ ಗಾಳಿ ತುಂಬುವ ಸಣ್ಣ ಬಲೂನು) ಇರುವ ಟ್ಯೂಬಾದರೆ ಅದರ ಗಾಳಿ ಇಳಿಸಿ, ಟ್ಯೂಬಿನ ಪಕ್ಕದಿಂದ ಉಸಿರು ಲೀಕ್ ಆಗುತ್ತಾ ನೋಡು. ಬಾವಿನ ಅನುಮಾನ ಇದ್ದರೆ ಡೆಕ್ಸಾ (ಬಾವು ಇಳಿಸುವ ಸ್ಟೀರಾಯ್ಡ್) ಕೊಡು, ಆದರೆ ಟ್ಯೂಬು ತೆಗೆಯುವ ಕನಿಷ್ಠ 6 ಗಂಟೆ ಮುಂಚೆ. ತೆಗೆಯುವ ಹೊತ್ತಿಗೆ ನೆನಪಾಗಿ ಚುಚ್ಚಿದರೆ ಮನಸ್ಸಿಗೆ ಸಮಾಧಾನ, ಗಂಟಲಿಗಲ್ಲ. ಉಸಿರಿನ ಜೊತೆ ಮಂಜಿನಂತೆ ಕೊಡುವ ಅಡ್ರಿನಲಿನ್ (ನೆಬ್ಯುಲೈಸೇಷನ್), ಅದೇ ಅಳತೆಯ ಟ್ಯೂಬು ಒಂದು, ಒಂದು ಸೈಜ್ ಚಿಕ್ಕದು, ಎಲ್ಲ ಹಾಸಿಗೆ ಪಕ್ಕದಲ್ಲೇ ಇರಲಿ. ಹೊಟ್ಟೆ ಖಾಲಿ ಇರಲಿ. ಒಂದು ವರ್ಷದೊಳಗಿನ ಮಗುವಿಗೆ ಆಮೇಲೆ ಸಪೋರ್ಟ್ ಬೇಕಾದರೆ ಹೈ ಫ್ಲೋಗಿಂತ (ಮೂಗಿನ ನಳಿಕೆಯಲ್ಲಿ ಜೋರಾಗಿ ಹರಿಸುವ ಗಾಳಿ) ಸಿಪ್ಯಾಪ್ ಮೊದಲು ಯೋಚಿಸು.

ವಾರಗಟ್ಟಲೆ ಮಾರ್ಫಿನ್, ಮಿಡಾಜೊಲಾಮ್‌ನಂಥ ನೋವು, ಮಂಪರಿನ ಔಷಧಿಗಳ ಮೇಲಿದ್ದ ಮಗು ಅವು ನಿಂತ ಮೇಲೆ ಬೆವರಿ, ನಡುಗಿ, ಹಟ ಮಾಡಿದರೆ ಉಸಿರಾಟ ಕೆಟ್ಟಿತು ಅಂತ ಗಾಬರಿಯಾಗಬೇಡ. ಉಸಿರಾಟ ನೋಡು, ಜೊತೆಗೆ ವಿತ್‌ಡ್ರಾವಲ್ (ಔಷಧಿ ನಿಂತಾಗಿನ ಚಡಪಡಿಕೆ) ಸ್ಕೋರೂ ಹಾಕು.

ಅಪ್ಪ ಅಮ್ಮನಿಗೆ ಮುಂಚೆಯೇ ಕೂತು ಹೇಳು. ಮಗು ಅತ್ತರೂ ಮೊದಮೊದಲು ಸದ್ದು ಬರದೇ ಇರಬಹುದು, ಬಂದರೂ ಗೊಗ್ಗರು ದನಿ. ಟ್ಯೂಬು ಮತ್ತೆ ಹಾಕಬೇಕಾಗಿ ಬಂದರೂ ಬಂದೀತು, ಹಾಗಾದರೆ ಎಲ್ಲ ಮುಗಿಯಿತು ಅಂತ ಅಲ್ಲ. ಇದನ್ನು ಮೊದಲು ಹೇಳಿದರೆ ಮಾಹಿತಿ, ಆಮೇಲೆ ಹೇಳಿದರೆ ನೆಪ ಅಂದುಕೊಳ್ಳುತ್ತಾರೆ. ನಿನಗೂ ಅದೇ ಮಾತು: ಒಂದು ಮಗುವೂ ಫೇಲ್ ಆಗದ ಐಸಿಯು ಬಹುಶಃ ಎಲ್ಲರನ್ನೂ ತಡವಾಗಿ ತೆಗೆಯುತ್ತಿದೆ.

ಇನ್ನೊಂದು. 2021ರಲ್ಲಿ ಪ್ರಕಟವಾದ ಸ್ಯಾಂಡ್‌ವಿಚ್ ಟ್ರಯಲ್ ಓದು. ಬ್ರಿಟನ್ನಿನ 18 ಮಕ್ಕಳ ಐಸಿಯುಗಳಲ್ಲಿ ನರ್ಸ್‌ಗಳನ್ನೂ ಸೇರಿಸಿಕೊಂಡು ಸೆಡೇಷನ್, ವೀನಿಂಗ್ (ಯಂತ್ರದ ನೆರವು ಬಿಡಿಸುವುದು) ಎರಡನ್ನೂ ಒಟ್ಟಿಗೆ ನಡೆಸಿದರು. ವೆಂಟಿಲೇಟರ್ ಮೇಲಿನ ಸಮಯದಲ್ಲಿ ಉಳಿತಾಯವಾದದ್ದು ಕೆಲವೇ ಗಂಟೆ, ಅದಕ್ಕೇ ಕೆಲವರು ಮೂಗು ಮುರಿದರು. ನನಗೆ ಹಾಗನ್ನಿಸಲಿಲ್ಲ. ರಾತ್ರಿಯೆಲ್ಲ ಮಗುವಿನ ಪಕ್ಕ ನಿಂತವರಿಗೆ ಅದು ಎಷ್ಟು ಎಚ್ಚರ ಇದೆ, ಎಷ್ಟು ಕಫ ಬರುತ್ತಿದೆ ಅನ್ನುವುದು ನಿನಗಿಂತ ಚೆನ್ನಾಗಿ ಗೊತ್ತು, ಅಲ್ವಾ? ನಿಮ್ಮ ಬೆಳಗಿನ ರೌಂಡಿನಲ್ಲಿ ಅವರನ್ನು ಕೇಳುತ್ತಾರಾ? ಇಲ್ಲದಿದ್ದರೆ ನಾಳೆ ನೀನೇ ಕೇಳು, ಏನಂದರು ಅಂತ ನನಗೆ ಬರಿ.

ನಿನ್ನ
ದೊಡ್ಡಮ್ಮ