ಗೆಳೆಯನಿಗೊಂದು ಪತ್ರ: ವೀಸಾಕ್ಕಿಂತ ಮೊದಲಿನ ಮಾತು

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಡೇಟಾ ಸೈನ್ಸ್ ಕಲಿತು ಹೊರದೇಶದಲ್ಲಿ ಕೆಲಸ ಮಾಡಬೇಕೆಂಬ ನಿನ್ನ ಆಸೆ ಹಳೆಯದೇ. ಈ ಸಲ ಆಸೆಯ ಬೆನ್ನಿಗೆ ಪ್ರಶ್ನೆಗಳ ಉದ್ದನೆಯ ಪಟ್ಟಿಯೂ ಬಂದಿದೆ: ಯಾವ ದೇಶ, ಯಾವ ವಿಶ್ವವಿದ್ಯಾಲಯ, ಯಾವ ವೀಸಾ, ಎಷ್ಟು ಸಾಲ. ನೀನು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ, ಅದರಿಂದಲೇ ಶುರು ಮಾಡುತ್ತೇನೆ. ನಿನ್ನ ಮುಖ ನೋಡದ, ನಿನ್ನ ಕಾಲೇಜಿನ ಹೆಸರು ಕೇಳಿರದ ಒಬ್ಬ ವ್ಯಕ್ತಿ ಏನನ್ನು ಓದಿ ನಿನ್ನ ಕೆಲಸವನ್ನು ನಂಬಬೇಕು?

ವೈದ್ಯರೋ ವಕೀಲರೋ ಗಡಿ ದಾಟಿದರೆ ಸಾಮಾನ್ಯವಾಗಿ ಮತ್ತೆ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ನಮ್ಮ ಕ್ಷೇತ್ರಕ್ಕೆ ಆ ಕಾಟವಿಲ್ಲ. ನಾವು ದಿನವೂ ಬಳಸುವ ಉಪಕರಣಗಳ ಹುಟ್ಟೂರುಗಳನ್ನೇ ನೋಡು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ನೆದರ್ಲೆಂಡ್ಸ್‌ನಿಂದ 1991ರಲ್ಲಿ ಹೊರಬಂತು. ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ ಭಾಷೆಯನ್ನು ರೂಪಿಸಿದವರು ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್. ದತ್ತಾಂಶದಿಂದ ಕಲಿತು ಊಹಿಸುವ ಮಾದರಿಗಳನ್ನು ಕಟ್ಟಲು ಬಳಸುವ ಸೈಕಿಟ್-ಲರ್ನ್ 2007ರಲ್ಲಿ ಒಬ್ಬರ ಬೇಸಿಗೆ ಯೋಜನೆಯಾಗಿ ಆರಂಭವಾಗಿ, 2010ರಲ್ಲಿ ಫ್ರಾನ್ಸ್‌ನ ಇನ್ರಿಯಾ ಸಂಸ್ಥೆಯ ತಂಡದ ಮೂಲಕ ಸಾರ್ವಜನಿಕರ ಕೈ ಸೇರಿತು. ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ ಇಂತಹ ಮುಕ್ತ ತಂತ್ರಾಂಶಗಳ ಬಾಗಿಲು ಯಾರಿಗೂ ಮುಚ್ಚಿಲ್ಲ. ಒಳಗೆ ಹೋಗಲು ವೀಸಾ ಬೇಕಿಲ್ಲ.

ಹಾಗಾಗಿ ಮೊದಲ ಅಂತಾರಾಷ್ಟ್ರೀಯ ಕೆಲಸವನ್ನು ಈಗ ಕುಳಿತಿರುವ ಕುರ್ಚಿಯಿಂದಲೇ ಮಾಡು. ಒಂದು ತಂತ್ರಾಂಶದ ದೋಷಗಳ ಪಟ್ಟಿ ತೆರೆದು, ಪುಟ್ಟದೊಂದನ್ನು ಆರಿಸಿಕೋ. ಆ ದೋಷ ಹೇಗೆ ಮರುಕಳಿಸುತ್ತದೆ ಎಂಬುದನ್ನು ಹತ್ತು ಸಾಲಿನ ಕೋಡ್‌ನಲ್ಲಿ ತೋರಿಸು, ತಿದ್ದು, ತಿದ್ದುಪಡಿಗೊಂದು ಪರೀಕ್ಷೆಯನ್ನೂ ಬರೆ. ಇನ್ನಾವುದೋ ಖಂಡದಲ್ಲಿರುವ ಪರಿಶೀಲಕರು 'ಕಾಲಂ ಪೂರ್ತಿ ಖಾಲಿಯಿದ್ದರೆ ಏನಾಗುತ್ತದೆ?' ಎಂದು ಕೇಳುತ್ತಾರೆ. ನೀನು ಉತ್ತರ ಬರೆಯುವ ಹೊತ್ತಿಗೆ ಅವರಲ್ಲಿ ರಾತ್ರಿ. ಮರುದಿನ ಇನ್ನೊಂದು ಪ್ರಶ್ನೆ ಬರುತ್ತದೆ. ಎರಡು ಸಾಲಿನ ತಿದ್ದುಪಡಿ ವಾರಗಟ್ಟಲೆ ಎಳೆದರೂ ಬೇಸರಪಡಬೇಡ. ಬಹುರಾಷ್ಟ್ರೀಯ ತಂಡದಲ್ಲಿ ನಾಳೆ ನೀನು ಮಾಡಬೇಕಾದ ಕೆಲಸದ ಬಹುಪಾಲು ಇದೇ: ಎದುರಿಗಿಲ್ಲದವರಿಗೆ ಅರ್ಥವಾಗುವಂತೆ ಬರೆಯುವುದು, ಮುನಿಸಿಕೊಳ್ಳದೆ ತಿದ್ದುವುದು. ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ನೀನು ತೋಡಿಕೊಂಡ ಅಳುಕಿಗೂ ಇದೇ ನನ್ನ ಉತ್ತರ. ಚೊಕ್ಕವಾಗಿ ಬರೆದ ನಾಲ್ಕು ವಾಕ್ಯಗಳು ಉಚ್ಚಾರಣೆಗಿಂತ ಹೆಚ್ಚು ದೂರ ಹೋಗುತ್ತವೆ.

ಇನ್ನು ನಿನ್ನ ಸ್ವವಿವರದಲ್ಲಿರುವ ಪ್ರಾಜೆಕ್ಟ್‌ಗಳ ವಿಷಯ. ಟೈಟಾನಿಕ್ ಪ್ರಯಾಣಿಕರಲ್ಲಿ ಯಾರು ಬದುಕುಳಿದರು ಎಂದು ಊಹಿಸುವ ಆ 891 ಸಾಲುಗಳ ಫೈಲನ್ನು ದಯವಿಟ್ಟು ತೆಗೆದುಹಾಕು ಮಾರಾಯ. ಆ ಹಡಗು ಸ್ವವಿವರಗಳಲ್ಲಿ ಸಾಕಷ್ಟು ಸಲ ಮುಳುಗಿಯಾಗಿದೆ. ಕಲಿಯಲು ಅದು ಒಳ್ಳೆಯದು, ತೋರಿಸಲು ಯೋಗ್ಯವಲ್ಲ. ನೀನೇ ಸಂಗ್ರಹಿಸಿದ, ನೀನೇ ಶುಚಿಗೊಳಿಸಿದ ಒರಟು ದತ್ತಾಂಶ ಬೇಕು. ಒರಟುತನದಲ್ಲೇ ಈ ವೃತ್ತಿಯ ಪಾಠಗಳಿವೆ. ಒಂದು ಫೈಲ್‌ನಲ್ಲಿ '1.250' ಎಂದಿದೆ ಎಂದುಕೊಳ್ಳೋಣ. ಅದು ಜರ್ಮನಿಯಿಂದ ಬಂದಿದ್ದರೆ ಬಹುಶಃ ಸಾವಿರದ ಇನ್ನೂರೈವತ್ತು. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ. ಪೈಥಾನ್ ಮಾತ್ರ ಏನೂ ಗೊತ್ತಿಲ್ಲದಂತೆ ಅದನ್ನು ಒಂದೂಕಾಲು ಎಂದು ಓದಿಕೊಂಡು ಮುಂದೆ ಸಾಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. '03/04' ಎಂಬ ದಿನಾಂಕ ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್ನಿನಲ್ಲಿ ಏಪ್ರಿಲ್ 3. ಇದನ್ನು ಗಮನಿಸಿ, ಪರಿಹರಿಸಿ, ಹೇಗೆ ಪರಿಹರಿಸಿದೆ ಎಂದು ಒಂದು ಪ್ಯಾರಾದಲ್ಲಿ ಬರೆದವನನ್ನು ಸಂದರ್ಶನಕ್ಕೆ ಕರೆಯಲು ನಾನಾದರೆ ಹಿಂದೆಮುಂದೆ ನೋಡುವುದಿಲ್ಲ.

ಸಂದರ್ಶನದಲ್ಲೂ ಕೇಳುವುದು ಇಂಥದ್ದನ್ನೇ. ಹತ್ತು ಸಾವಿರ ವ್ಯವಹಾರಗಳಲ್ಲಿ ಐವತ್ತು ಮೋಸದವು. ಎಲ್ಲವೂ ಸಾಚಾ ಎಂದು ಕಣ್ಣು ಮುಚ್ಚಿ ಹೇಳುವ ಮಾದರಿಯ ನಿಖರತೆ ಶೇ. 99.5, ಹಿಡಿದ ಕಳ್ಳರು ಸೊನ್ನೆ. ಈ ಅಂಕಿ ನೋಡಿ ಹಿಗ್ಗುವವನನ್ನು ಅಲ್ಲೇ ನಿಲ್ಲಿಸುತ್ತಾರೆ. ಮೋಸವೊಂದು ತಪ್ಪಿಹೋದರೆ ಎಷ್ಟು ನಷ್ಟ, ನಿರಪರಾಧಿಯ ಖಾತೆ ತಡೆಹಿಡಿದರೆ ಎಷ್ಟು ನಷ್ಟ ಎಂದು ಮರುಪ್ರಶ್ನೆ ಹಾಕುವವನ ಜೊತೆ ಮಾತು ಮುಂದುವರಿಯುತ್ತದೆ. ಇದಕ್ಕೆ ಬೇಕಾದದ್ದು ಸಂಖ್ಯಾಶಾಸ್ತ್ರ. ಅದರ ಜೊತೆಗೆ, ದತ್ತಾಂಶದ ಕೋಶಗಳಿಂದ ಬೇಕಾದ ಮಾಹಿತಿ ಹೊರತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿ. 1970ರ ದಶಕದಲ್ಲಿ ಹುಟ್ಟಿದ ಭಾಷೆ ಎಂದು ಮೂಗು ಮುರಿಯಬೇಡ, ಅದರ ನಂತರ ಬಂದ ಎಷ್ಟೋ ಉಪಕರಣಗಳು ಹೇಳಹೆಸರಿಲ್ಲದೆ ಹೋದವು. ಪ್ರಮಾಣಪತ್ರಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಒಂದೋ ಎರಡೋ ಸಾಕು.

ಈಗ ವೀಸಾ. ಅಮೆರಿಕದಲ್ಲಿ ಪರಿಣತರಿಗೆ ಕೊಡುವ ಉದ್ಯೋಗ ವೀಸಾ ಎಚ್-1ಬಿಗೆ ವರ್ಷಕ್ಕೆ 65,000ದ ಮಿತಿ. ಅಲ್ಲಿಯೇ ಸ್ನಾತಕೋತ್ತರ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000. ಅರ್ಜಿಗಳು ಮಿತಿ ಮೀರಿದಾಗ ಆಯ್ಕೆಯಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಸಾಲದ್ದಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಜರ್ಮನಿ ಇನ್ನೊಂದು ದಾರಿ ಹಿಡಿಯಿತು: 2023ರ ನವೆಂಬರ್‌ನಿಂದ, ಪದವಿಯಿಲ್ಲದ ಐಟಿ ಪರಿಣತರಿಗೂ ಕಳೆದ ಏಳು ವರ್ಷಗಳಲ್ಲಿ ಮೂರು ವರ್ಷದ ಸೂಕ್ತ ಅನುಭವವಿದ್ದರೆ, ನಿಗದಿತ ಸಂಬಳದ ಕೆಲಸ ಕೈಯಲ್ಲಿದ್ದರೆ, ಅಲ್ಲಿ ನೆಲೆಸಿ ದುಡಿಯಲು ಬಿಡುವ ಯುರೋಪಿಯನ್ ಬ್ಲೂ ಕಾರ್ಡ್ ಎಂಬ ಪರವಾನಗಿ ಸಿಗುತ್ತದೆ. ಒಂದು ಕಡೆ ಬಾಗಿಲು ಕಿರಿದಾಗುವಾಗ ಇನ್ನೊಂದು ಕಡೆ ಅಗಲವಾಗುವುದು ಹೀಗೆ. ಅದಕ್ಕೇ ಒಂದೇ ದೇಶವನ್ನು ನಂಬಿ ದೊಡ್ಡ ಸಾಲ ಮಾಡುವುದು ನನಗೆ ಸರಿಕಾಣದು. ಅಮೆರಿಕದಲ್ಲಿ ನಮ್ಮ ವಿಷಯದ ಪದವಿ ಮುಗಿಸಿದವರಿಗೆ 12 ತಿಂಗಳು, ವಿಸ್ತರಣೆ ಸಿಕ್ಕರೆ ಇನ್ನೂ 24 ತಿಂಗಳು ದುಡಿಯುವ ಅವಕಾಶವಿದೆ ಎಂಬುದು ನಿಜ. ಆದರೆ ಆ ಮೂರು ವರ್ಷಗಳಲ್ಲಿ ಸಾಲ ತೀರುತ್ತದೆಯೇ ಎಂಬ ಲೆಕ್ಕವನ್ನು ಒಳ್ಳೆಯ ಸಂಬಳ ಹಿಡಿದು ಒಮ್ಮೆ, ಕೆಲಸವೇ ಸಿಗದಿದ್ದರೆ ಎಂದು ಇನ್ನೊಮ್ಮೆ ಮಾಡು. ಸಲಹಾ ಸಂಸ್ಥೆಗಳು ಎರಡನೆಯ ಲೆಕ್ಕವನ್ನು ತಾವಾಗಿ ತೋರಿಸುವುದು ಅಪರೂಪ.

ಯುರೋಪಿನತ್ತ ಮನಸ್ಸಿದ್ದರೆ 2018ರ ಮೇ ತಿಂಗಳಿನಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಮೂಲ ಅಂಶಗಳನ್ನಾದರೂ ಓದಿಕೋ. ಒಂದು ಉದ್ದೇಶಕ್ಕೆಂದು ಪಡೆದ ವೈಯಕ್ತಿಕ ಮಾಹಿತಿಯನ್ನು ಅದಕ್ಕೆ ಹೊಂದದ ಬೇರೊಂದಕ್ಕೆ ಮನಬಂದಂತೆ ಬಳಸುವಂತಿಲ್ಲ.

ಪ್ರವೇಶದ ಅರ್ಜಿಗೆ ಬರೆದ ಆ ಎರಡು ಪುಟದ ಪ್ರಬಂಧವನ್ನು ಸದ್ಯಕ್ಕೆ ಬದಿಗಿಡು. ನಿನ್ನ ಪ್ರಾಜೆಕ್ಟ್‌ನ ವಿವರಣೆಯ ಫೈಲ್ ಮೊದಲು ಕಳುಹಿಸು: ದತ್ತಾಂಶ ಎಲ್ಲಿಂದ ಬಂತು, ಏನನ್ನು ಕೈಬಿಟ್ಟೆ, ಮಾದರಿ ಎಲ್ಲೆಲ್ಲಿ ಸೋಲುತ್ತದೆ. ಸೋಲಿನ ಭಾಗವನ್ನು ಮೊಟಕು ಮಾಡಬೇಡ, ನಾನು ಮೊದಲು ಓದುವುದು ಅದನ್ನೇ.

ಇಂತಿ,
ನಿನ್ನ ಗೆಳೆಯ