ಸೆಪ್ಟೆಂಬರ್ 10ರಂದು ಅಂಗಡಿಗೆ ಬಂದ ಎಲ್ಲರಿಗೂ

ಹನುಮಂತನಗರದ ನಮ್ಮ ಕಾಂಡಿಮೆಂಟ್ಸ್‌ಗೆ ಆವತ್ತು ಬಂದವರಿಗೆ, ಬರೋಕಾಗದೆ ಫೋನ್‌ಪೇ ಮಾಡಿದವರಿಗೆ, ಏನೂ ಕೊಳ್ಳದೆ ಸುಮ್ನೆ ನಿಂತು ಮಾತಾಡಿ ಹೋದವರಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ದಿನದ ವ್ಯಾಪಾರ, ಹುಂಡಿಗೆ ಬಿದ್ದದ್ದು ಎಲ್ಲ ಸೇರಿ 61,340 ರೂಪಾಯಿ ಆಯಿತು. ಆತ್ಮಹತ್ಯೆ ತಡೆಯಲು ಸಹಾಯವಾಣಿ ನಡೆಸುವ ಸಂಸ್ಥೆಗೆ ಮರುದಿನವೇ ಕಟ್ಟಿದ್ದೇವೆ.

ವಿಶ್ವ ಆತ್ಮಹತ್ಯೆ ತಡೆ ದಿನ ಈ ಸಲ ಪಿತೃಪಕ್ಷದಲ್ಲಿ ಬಂತು. "ಪಕ್ಷದಲ್ಲಿ ಸ್ವೀಟ್ ಯಾರು ತಗೋತಾರೆ, ಮುಂದಕ್ಕೆ ಹಾಕಿ" ಅಂದವರೇ ಜಾಸ್ತಿ. ಹಾಗಾಗಿ ಸಿಹಿ ಕಡಿಮೆ ಮಾಡಿ ಕೋಡುಬಳೆ, ನಿಪ್ಪಟ್ಟು ಜಾಸ್ತಿ ಮಾಡಿದೆವು. ಸಂಜೆ ಐದಕ್ಕೆಲ್ಲ ಕೋಡುಬಳೆ ಖಾಲಿ! ಭಟ್ಟರು ಮತ್ತೆ ಬಾಣಲೆ ಇಟ್ಟರು, ಬಾಗಿಲು ಹಾಕುವವರೆಗೂ ಕೂರಲಿಲ್ಲ, ಕೊನೆಗೆ ಆವತ್ತಿನ ಕೂಲಿಯನ್ನೂ ಹುಂಡಿಗೇ ಹಾಕಿದರು. ಬೇಡ ಅಂದಿದ್ದಕ್ಕೆ ಬೈಸಿಕೊಂಡೆವು.

ಯಾಕೆ ಮಾಡಿದೆವು ಅನ್ನೋದು ನಮ್ಮ ಬೀದಿಗೆ ಗೊತ್ತು. ಕೌಂಟರಿನಲ್ಲಿ ನಿಲ್ಲುತ್ತಿದ್ದ ನಮ್ಮ ಹುಡುಗ ಕಳೆದ ವರ್ಷ ಹೋದ. ಪೊಟ್ಟಣಕ್ಕೆ ದಾರ ಸುತ್ತಿ ಬೆರಳಿನಲ್ಲೇ ಪಟ್ ಅಂತ ಕಿತ್ತುಬಿಡುತ್ತಿದ್ದ, ಜೊತೆಗೆ ಬಂದ ಮಕ್ಕಳ ಕೈಗೆ ಒಂದು ಚೂರು ಚಕ್ಕುಲಿ ಕೊಡದೆ ಕಳಿಸುತ್ತಿರಲಿಲ್ಲ. ಆಮೇಲೆ ಯಾರಾದರೂ ಅವನನ್ನು ಕೇಳಿದರೆ "ಹುಷಾರಿರಲಿಲ್ಲ" ಅಂತ ಮಾತು ಮುಗಿಸುತ್ತಿದ್ದೆವು. "ಇನ್ನು ಮುಚ್ಚಿಡಬೇಡಿ" ಅಂದಿದ್ದು ಅವನ ಅಮ್ಮ. ಬೋರ್ಡಿನ ಮೇಲೆ ಆತ್ಮಹತ್ಯೆ ಅಂತ ಬರೆಯುವ ಧೈರ್ಯ ಬಂದಿದ್ದು ಅವರಿಂದ. ಅಮ್ಮಾ, ನಿಮಗೆ ಏನು ಹೇಳಬೇಕೋ ನಮಗೆ ಗೊತ್ತಿಲ್ಲ.

ಬೋರ್ಡ್ ನೋಡಿ ಜನ ದೂರ ಹೋಗಬಹುದು ಅಂತ ಅಳುಕಿತ್ತು. ನೀವು ನೋಡಿದರೆ ಸಂಸ್ಥೆಯಿಂದ ಬಂದಿದ್ದ ಸ್ವಯಂಸೇವಕರನ್ನು ಸುತ್ತಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಿರಿ. ಪ್ರಯತ್ನ ಮಾಡಿ ಉಳಿದವರ ಮೇಲೆ ಪೊಲೀಸ್ ಕೇಸ್ ಆಗಲ್ವಾ ಅಂತ ಒಬ್ಬರು ಕೇಳಿದರು. ನಾವೂ ಹಾಗೇ ಅಂದುಕೊಂಡಿದ್ದೆವು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದಂತೆ, ಶಿಕ್ಷೆಯ ಬದಲು ಆರೈಕೆ ಕೊಡಿಸುವುದು ಸರ್ಕಾರದ ಕೆಲಸವಂತೆ. "ಸಾಯಬೇಕು ಅನ್ನಿಸ್ತಿದೆಯಾ" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ಲ, ಎಷ್ಟೋ ಸಲ ಎದುರಿಗಿದ್ದವರಿಗೆ ಹಗುರಾಗುತ್ತೆ ಅಂತಲೂ ಹೇಳಿದರು. ಇದು ಮೊದಲೇ ಗೊತ್ತಿದ್ದಿದ್ದರೆ ಅಂತ ಅಂಗಡಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಚೀಟಿಗಳನ್ನು ಪುಕ್ಕಟೆ ಅಚ್ಚು ಮಾಡಿಕೊಟ್ಟ ಪ್ರೆಸ್‌ನವರಿಗೆ, ಅದನ್ನು ಪ್ಯಾಸೆಂಜರ್‌ಗಳಿಗೆಲ್ಲ ಹಂಚಿದ ಆಟೋ ಸ್ಟ್ಯಾಂಡ್ ಅಣ್ಣಂದಿರಿಗೆ, ಒಂದು ದಿನದ ಸಂಪಾದನೆ ತಂದುಕೊಟ್ಟ ಹೂವಿನ ಅಕ್ಕನಿಗೆ ನಮಸ್ಕಾರ. ಚೀಟಿ ಸಿಗದವರು ಬರೆದಿಟ್ಟುಕೊಳ್ಳಿ: ಟೆಲಿ ಮನಸ್, 14416. ನಮ್ಮ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.

ಸಂಸ್ಥೆಯ ರಸೀದಿ ಗಲ್ಲಾದ ಪಕ್ಕ ಅಂಟಿಸಿದ್ದೇವೆ, ಬಂದು ನೋಡಿ. ಚಿಲ್ಲರೆ ತುಂಬಿದ ಸ್ಟೀಲ್ ಡಬ್ಬಿಯನ್ನು ಹಾಗೇ ಕೊಟ್ಟು ಹೋದ ಅಜ್ಜಿ ಯಾರು ಅಂತ ಮಾತ್ರ ಗೊತ್ತಾಗಿಲ್ಲ. ಡಬ್ಬಿ ತೊಳೆದಿಟ್ಟಿದ್ದೇವೆ ಅಜ್ಜಿ, ಬಂದು ತಗೊಂಡು ಹೋಗಿ.